ಅಮ್ಮನ ಕೈಗೆ ಸೀಮೆಎಣ್ಣೆ ತಾಗದ ಹಾಗೆ

ಶಿಡ್ಲಘಟ್ಟದ ಕಡೆ ಹಳ್ಳಿ ಮನೆಯಲ್ಲಿ ಸೀಮೆಎಣ್ಣೆ ಹೀಟರ್ ಇದೆ ಅಂದರೆ ಜನ ನಗುತ್ತಾರೆ. ಇದೇನು ಕಾಶ್ಮೀರವಾ ಅಂತ. ಧನುರ್ಮಾಸದಲ್ಲಿ ಬೆಳಗಿನ ಐದಕ್ಕೆ ಬಂದು ನಮ್ಮ ಹಿತ್ತಲಲ್ಲಿ ಒಂದು ಗಳಿಗೆ ನಿಂತು ನೋಡಲಿ. ಹುಳು ಮನೆಯ, ಅಂದರೆ ರೇಷ್ಮೆ ಹುಳ ಸಾಕುವ ಮನೆಯ, ಥರ್ಮಾಮೀಟರನ್ನು ಹೊರಗೆ ತಂದಿಟ್ಟಾಗ 13 ಡಿಗ್ರಿ ತೋರಿಸಿದ್ದಿದೆ. ನಮ್ಮದು ಕಲ್ಲು ಚಪ್ಪಡಿ ಹೊದಿಸಿದ ಹಳೆ ಮನೆ. ರಾತ್ರಿ ತಣ್ಣಗಾದ ಚಪ್ಪಡಿ ಬಿಸಿಲೇರುವ ತನಕ ಹಾಗೇ ಇರುತ್ತದೆ. ಅಪ್ಪನಿಗೆ 80 ದಾಟಿದೆ. ಬೆಳಗ್ಗೆ ಬೆರಳು ಮರಗಟ್ಟಿ ಕಾಫಿ ಲೋಟ ಹಿಡಿಯೋಕೂ ಆಗುವುದಿಲ್ಲ.

ಹೀಟರ್ ಬಂದದ್ದು ಭಾವನ ಕಡೆಯಿಂದ. ಅವರು ಸೈನ್ಯದಲ್ಲಿದ್ದವರು. ನಿವೃತ್ತಿಯಾಗಿ ಬರುವಾಗ ಲೇಹ್‌ನಿಂದ ಸಾಮಾನಿನ ಜೊತೆ ಹಾಕಿಕೊಂಡು ಬಂದರು. ಮೂರು ವರ್ಷ ಅವರ ಮನೆ ಅಟ್ಟದಲ್ಲಿತ್ತು. ಆಮೇಲೆ ಅಪ್ಪನಿಗೆ ಅಂತ ನಮ್ಮ ಮನೆಗೆ ಬಂತು. ದುಂಡಗಿನ ಡ್ರಮ್ಮಿನ ಹಾಗಿದೆ. ಬುಡದಲ್ಲಿ 5 ಲೀಟರ್ ಚಿಲ್ಲರೆಯ ಟ್ಯಾಂಕು, ಅದರ ಮೇಲೆ ಬಳೆಯ ಹಾಗೆ ಸುತ್ತು ಬತ್ತಿ. ಟ್ಯಾಂಕು ಬಿಚ್ಚಿ ತೆಗೆಯುವಂಥದ್ದಲ್ಲ. ಹೀಟರ್ ಇದ್ದಲ್ಲೇ ಬಗ್ಗಿ, ಮುಚ್ಚಳ ತಿರುಗಿಸಿ, ಎಣ್ಣೆ ಹೊಯ್ಯಬೇಕು.

ಕರೆಂಟಿನ ಹೀಟರ್ ತಗೋಬಹುದಿತ್ತಲ್ಲ ಅಂತ ಕೇಳುವವರಿಗೆ: ತ್ರೀಫೇಸ್ ಬಂದ ಕೂಡಲೇ ಊರಿನ ಬೋರ್‌ವೆಲ್ ಮೋಟಾರುಗಳೆಲ್ಲ ಒಟ್ಟಿಗೇ ಶುರುವಾಗುತ್ತವೆ. ಮನೆಯ ಬಲ್ಬು ಮಿಣುಕು ಹುಳುವಾಗುತ್ತದೆ. ನಾನೇ ಮೋಟಾರ್ ರಿವೈಂಡಿಂಗ್ ಮಾಡುವವನು. ಆ ವೋಲ್ಟೇಜಿನಲ್ಲಿ ಹೀಟರ್ ಎಷ್ಟು ಕಾಯುತ್ತದೆ ಅಂತ ನನಗೆ ಗೊತ್ತು.

ಹೀಟರಿನ ಪಟ್ಟಿ ಮೇಲೆ 2.3 ಕಿಲೋವ್ಯಾಟ್ ಎಂದಿದೆ. ಒಂದು ಲೀಟರ್ ಸೀಮೆಎಣ್ಣೆಯಲ್ಲಿ ಹತ್ತಿರ ಹತ್ತಿರ 10 ಯೂನಿಟ್ ಕರೆಂಟಿನಷ್ಟು ಶಾಖ. ಅಂದರೆ ಗಂಟೆಗೆ ಕಾಲು ಲೀಟರ್ ಹತ್ತಿರ ಕುಡಿಯುತ್ತದೆ. ಬೆಳಗ್ಗೆ ಎರಡು ಗಂಟೆ ಹೊತ್ತು, ಸಂಜೆ ನಾಲ್ಕು ಗಂಟೆ ಹೊತ್ತು ಹಚ್ಚುತ್ತೇವೆ. ದಿನಕ್ಕೆ ಒಂದೂವರೆ ಲೀಟರ್. ಈ ಲೆಕ್ಕ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ತೊಂದರೆ ಇದ್ದದ್ದು ಹೀಟರಿನಲ್ಲಲ್ಲ. ಎಣ್ಣೆ ತುಂಬುವುದರಲ್ಲಿ.

ನಾನು ಬೆಳಗ್ಗೆ ಅಂಗಡಿಗೆ ಹೋದರೆ ಬರುವುದು ರಾತ್ರಿ. ತುಂಬುವವರು ಅಮ್ಮ. ಹುಳು ಮನೆ ನೋಡಿಕೊಳ್ಳುವವರೂ ಅಮ್ಮನೇ. ರೇಷ್ಮೆ ಹುಳ ಸಾಕಿದವರಿಗೆ ಇಷ್ಟು ಹೇಳಿದರೆ ಸಾಕು, ಉಳಿದದ್ದು ಅರ್ಥವಾಗುತ್ತದೆ. ಹುಳು ಮನೆಗೆ ಹೋಗುವ ಮುಂಚೆ ಚಪ್ಪಲಿ ಹೊರಗೆ ಬಿಡಬೇಕು. ಬ್ಲೀಚಿಂಗ್ ಪೌಡರ್ ನೀರಿಗೆ ಕೈ ಅದ್ದಬೇಕು. ಹೊಗೆಸೊಪ್ಪು ಮುಟ್ಟಿದ ಕೈ, ಔಷಧಿ ಹೊಡೆದ ಬಟ್ಟೆ ಬಾಗಿಲ ಹತ್ತಿರವೂ ಸುಳಿಯಬಾರದು. ಹುಳ ಸೊಪ್ಪಿನ ಹತ್ತಿರ ಬರುವುದು ವಾಸನೆ ಹಿಡಿದು. ಸೀಮೆಎಣ್ಣೆ ಹತ್ತಿದ ಕೈಯಲ್ಲಿ ಸೊಪ್ಪು ಮುಟ್ಟುವುದುಂಟೇ? ಆ ವಾಸನೆ ಒಂದು ಸಲ ಸೋಪು ಹಾಕಿದರೆ ಹೋಗುವಂಥದ್ದೂ ಅಲ್ಲ. ಅಮ್ಮ ಸೀಗೆಪುಡಿ, ಕಡಲೆಹಿಟ್ಟು, ನಿಂಬೆಹಣ್ಣಿನ ಸಿಪ್ಪೆ ಎಲ್ಲ ತಿಕ್ಕಿ, ಕೈ ಮೂಸಿ ನೋಡಿ, ಮತ್ತೆ ತಿಕ್ಕುತ್ತಿದ್ದರು.

ಹಾಗಾದರೆ ಆ ಹೀಟರನ್ನು ಹುಳು ಮನೆಗೇ ಇಡಬಾರದಾ ಅಂತ ಪಕ್ಕದ ಮನೆಯವರು ಕೇಳಿದ್ದರು. ಚಾಕಿ ಹುಳಕ್ಕೆ, ಅಂದರೆ ಮರಿ ಹುಳಕ್ಕೆ, 27–28 ಡಿಗ್ರಿ, ದೊಡ್ಡ ಹುಳಕ್ಕೆ 24–25 ಬೇಕು ಅನ್ನುವುದು ಸರಿ. ಆದರೆ ಇದರ ಗಾಳಿ, ವಾಸನೆ ಅಲ್ಲಿಗೆ ಬೇಡವೇ ಬೇಡ.

ಮೊದಲು ಹೇಗೆ ತುಂಬುತ್ತಿದ್ದೆವು ಅಂದರೆ, 20 ಲೀಟರ್ ಪ್ಲಾಸ್ಟಿಕ್ ಕ್ಯಾನು, ಒಂದು ತಗಡಿನ ಆಲಿಕೆ. ತುಂಬಿದ ಕ್ಯಾನು ಎಣ್ಣೆಯದೇ 16 ಕೆ.ಜಿ. ಅದನ್ನು ಬಗ್ಗಿಸಿದ ಕೂಡಲೇ ಗಳಕ್ ಅಂತ ಒಂದು ಬೊಗಸೆ ಆಲಿಕೆಯ ಹೊರಗೆ ಬೀಳುತ್ತಿತ್ತು. ಆಮೇಲೆ ಪೇಟೆಯಿಂದ ಒಂದು ಕೈ ಪಂಪು ತಂದೆ. ಮೇಲೆ ಕೆಂಪು ಬುರುಡೆ ಇರುತ್ತದಲ್ಲ, ಅದು. ನಾಲ್ಕು ಸಲ ಹಿಂಡಿದರೆ ಸಾಕು, ಆಮೇಲೆ ತಾನೇ ಹರಿಯುತ್ತದೆ. ತಾನೇ ಹರಿಯುವುದೇ ಅದರ ಕೇಡು. ಒಂದು ಸಲ ಕೊಳವೆ ತುಂಬಿ ಕೆಳಕ್ಕೆ ಇಳಿಯೋಕೆ ಶುರುವಾದರೆ, ಮೇಲಿನ ತಿರುಪು ಸಡಿಲಿಸಿ ಗಾಳಿ ಬಿಡುವ ತನಕ ನಿಲ್ಲುವುದಿಲ್ಲ. ಹೀಟರ್ ತುಂಬಿದ್ದು ಅದಕ್ಕೆ ಗೊತ್ತಾಗಬೇಕಲ್ಲ! ಎಣ್ಣೆ ಎಷ್ಟಿದೆ ಅಂತ ತೋರಿಸುವ ಹೀಟರಿನ ಮುಳ್ಳೂ ನಿಧಾನ. ಅದು ಪೂರ್ತಿಗೆ ಬಂದು ನಿಲ್ಲುವಷ್ಟರಲ್ಲಿ ಎಣ್ಣೆ ನೆಲದ ಮೇಲಿರುತ್ತಿತ್ತು. ಅಮ್ಮ ತಿರುಪು ಹುಡುಕುವಷ್ಟರಲ್ಲಿ ಸೆರಗು, ಕೈ, ನೆಲ ಎಲ್ಲ ಸೀಮೆಎಣ್ಣೆ.

“ಊರಿನ ಮೋಟಾರೆಲ್ಲ ರಿಪೇರಿ ಮಾಡ್ತೀಯ, ಇದೊಂದು ಆಗಲ್ವೇನೋ?” ಅಂದರು ಅಮ್ಮ. ಅವತ್ತು ಶುರುವಾದದ್ದು ಈ ಕೆಲಸ.

ಮೊದಲ ಸಲ ನಾನು ಮಾಡಿದ್ದು ಶುದ್ಧ ದಡ್ಡತನ. ನಮ್ಮ ಕಡೆ ಯಾರ ಮನೆಯಲ್ಲಿ ನೋಡಿದರೂ ಡ್ರಿಪ್, ಅಂದರೆ ಹನಿ ನೀರಾವರಿಯ, ಸಾಮಾನು ಬಿದ್ದಿರುತ್ತದೆ. 20 ಲೀಟರ್ ಕ್ಯಾನಿನ ಬುಡಕ್ಕೆ ತೂತು ಕೊರೆದೆ. ಡ್ರಿಪ್ ಪೈಪಿಗೆ ಹಾಕುವ ಗ್ರೊಮೆಟ್ಟು ಅನ್ನುವ ರಬ್ಬರ್ ಬಳೆ, ಅದರೊಳಗೆ ಸಿಕ್ಕಿಸುವ ಟೇಕ್‌ಆಫ್ ಕೊಳವೆ, ಒಂದು ಸಣ್ಣ ವಾಲ್ವು ಕೂರಿಸಿದೆ. ಕ್ಯಾನನ್ನು ಹಿತ್ತಲ ಕಟ್ಟೆ ಮೇಲಿಟ್ಟೆ. ಖರ್ಚು ಸೊನ್ನೆ. ನೀರು ಹಾಕಿ ಒಂದು ರಾತ್ರಿ ನೋಡಿದೆ, ಒಂದು ಹನಿ ಇಲ್ಲ. ಎಣ್ಣೆ ತುಂಬಿದೆ. ಐದು ದಿನ ಚೆನ್ನಾಗಿಯೇ ಇತ್ತು. ಆರನೇ ದಿನ ಬೆಳಗ್ಗೆ ಅಮ್ಮ ನನ್ನನ್ನು ಎಬ್ಬಿಸಿದ ರೀತಿಯಲ್ಲೇ ಗೊತ್ತಾಯಿತು. ಕಟ್ಟೆಯಿಂದ ಕೆಳಗೆ ಮಣ್ಣೆಲ್ಲ ಕಪ್ಪಗಾಗಿ ನೆಂದಿತ್ತು. ಸುಮಾರು 4 ಲೀಟರ್ ಹೋಗಿತ್ತು. ಹುಳ ಆಗ ನಾಲ್ಕನೇ ಜ್ವರದಿಂದ, ಅಂದರೆ ನಾಲ್ಕನೇ ಸಲ ಪೊರೆ ಕಳಚಿ, ಏಳುವ ಹೊತ್ತು. ಮುಂದೆ ರಾಶಿ ರಾಶಿ ಸೊಪ್ಪು ತಿನ್ನುವ ಕಾಲ. ಹಿತ್ತಲಿಗೂ ಹುಳು ಮನೆಗೂ 20 ಅಡಿ ದೂರ. ಮಣ್ಣನ್ನು ಅರ್ಧ ಅಡಿ ಕೆತ್ತಿ ತೆಗೆದು, ಹಿಪ್ಪುನೇರಳೆ ತೋಟದಿಂದ ದೂರ ಸಾಗಿಸುವುದರಲ್ಲಿ ಅವತ್ತಿನ ಅಂಗಡಿ ಬಂದ್.

ಗ್ರೊಮೆಟ್ಟನ್ನು ಬಿಚ್ಚಿ ಅಂಗೈ ಮೇಲಿಟ್ಟು ನೋಡಿದೆ. ರಾತ್ರಿ ನೆನೆಹಾಕಿದ ಅವರೆಕಾಳಿನ ಹಾಗೆ ಉಬ್ಬಿತ್ತು. ಹಿಚುಕಿದರೆ ಸಿಪ್ಪೆ ಬಿಡುತ್ತದೇನೋ ಅನ್ನುವಷ್ಟು ಮೆತ್ತಗೆ. ಹೊಸ ಗ್ರೊಮೆಟ್ಟಿನ ಪಕ್ಕ ಇಟ್ಟರೆ ಎರಡೂ ಒಂದೇ ಅಂತ ಯಾರೂ ಹೇಳುವುದಿಲ್ಲ. ನೀರಿಗೆ ಮಾಡಿದ ರಬ್ಬರು ಸೀಮೆಎಣ್ಣೆಗೆ ನಿಲ್ಲುವುದಿಲ್ಲ. ಎಣ್ಣೆ ಕುಡಿದು ಊದಿಕೊಳ್ಳುತ್ತದೆ, ಆಮೇಲೆ ಹಿಡಿತ ಬಿಡುತ್ತದೆ. ಬೇಕಾದದ್ದು ನೈಟ್ರೈಲ್ ರಬ್ಬರು. ಡೀಸೆಲ್ ಪೈಪು, ಆಯಿಲ್ ಸೀಲು ಎಲ್ಲ ಅದರಲ್ಲೇ ಬರುತ್ತವೆ. ದಿನಾ ಮೋಟಾರಿನ ಸೀಲು ಬದಲಿಸುವ ನನಗೆ ಇದು ಹೊಳೆಯಬೇಕಿತ್ತು. ಬಿಳಿ ಪಾರದರ್ಶಕ ಪ್ಲಾಸ್ಟಿಕ್ ಕೊಳವೆಯದ್ದು ಇನ್ನೊಂದು ಕಥೆ. ಅದು ಊದುವುದಿಲ್ಲ, ಕೆಲವು ತಿಂಗಳಲ್ಲಿ ಬಿರುಸಾಗಿ ಬಿರುಕು ಬಿಡುತ್ತದೆ. ಕೈ ಪಂಪಿನ ಕೊಳವೆ ಹಾಗೇ ಆಗಿತ್ತು.

ಇನ್ನೊಂದು ವಿಷಯವೂ ಅವತ್ತೇ ತಲೆಗೆ ಹೋಯಿತು. ದೊಡ್ಡ ಕ್ಯಾನಿನ ಬುಡಕ್ಕೆ ತೂತು ಮಾಡಲೇಬಾರದು. ಎಷ್ಟೇ ಒಳ್ಳೆ ವಾಷರ್ ಹಾಕಿದರೂ, ಒಂದು ದಿನ ಅದು ಕೈಕೊಟ್ಟರೆ 20 ಲೀಟರೂ ನೆಲಕ್ಕೆ.

ಎರಡು ದಿನ ಯೋಚನೆ ಮಾಡಿದೆ. ಪೆಟ್ರೋಲ್ ಬಂಕಿನ ಪಿಸ್ತೂಲಿನ ಹಾಗೆ, ತುಂಬಿದ ಕೂಡಲೇ ತಾನೇ ನಿಲ್ಲುವ ವಾಲ್ವು ಮಾಡೋಣ ಅಂತ ಹಾಳೆ ಮೇಲೆ ಏನೇನೋ ಗೀಚಿದೆ. ಆಮೇಲೆ ನೆನಪಾಗಿದ್ದು ಹಳೆ ರೇಷನ್ ಅಂಗಡಿ. ನಾನು ಚಿಕ್ಕವನಿದ್ದಾಗ ನೀಲಿ ಬಣ್ಣದ ಸೀಮೆಎಣ್ಣೆಗೆ ಕ್ಯೂ ನಿಂತಿದ್ದೇನೆ. ಕಾಳಸಂತೆಗೆ ಹೋದರೆ ಗೊತ್ತಾಗಲಿ ಅಂತ ಅದಕ್ಕೆ ಬಣ್ಣ ಹಾಕುತ್ತಿದ್ದರು. ಅಲ್ಲಿ ಯಾವ ವಾಲ್ವೂ ಇರಲಿಲ್ಲ. ಹಿಡಿಕೆ ಇರುವ ಒಂದು ಲೀಟರ್ ಮಾಪು. ಅದ್ದಿ ಎತ್ತಿ ಹೊಯ್ದರೆ ಒಂದು ಲೀಟರ್, ಜಾಸ್ತಿಯೂ ಇಲ್ಲ ಕಮ್ಮಿಯೂ ಇಲ್ಲ. ಹೀಟರಿನಲ್ಲಿ ಎಷ್ಟು ಜಾಗ ಇದೆಯೋ ಅದಕ್ಕಿಂತ ಕಮ್ಮಿ ಹಿಡಿಯುವ ಪಾತ್ರೆಯಿಂದ ಹೊಯ್ದರೆ ಉಕ್ಕುವುದಾದರೂ ಹೇಗೆ?

ಹೀಟರನ್ನು ಪೂರ್ತಿ ಖಾಲಿ ಮಾಡಿದೆ. ಅರ್ಧ ಲೀಟರ್ ಮಾಪಿನಲ್ಲಿ ಒಂದೊಂದಾಗಿ ಹೊಯ್ದು, ಪ್ರತಿ ಸಲ ಎರಡು ನಿಮಿಷ ಕಾದು, ಮುಳ್ಳು ಎಲ್ಲಿ ನಿಂತಿತು ಅಂತ ಬರೆದುಕೊಂಡೆ. ಮುಳ್ಳು ಕೆಂಪು ಗೆರೆಗೆ ಬಂದಾಗ ಒಳಗೆ ಸುಮಾರು 1 ಲೀಟರ್ ಇರುತ್ತದೆ, 4 ಲೀಟರಿಗಿಂತ ಜಾಸ್ತಿ ಜಾಗ ಖಾಲಿ ಇರುತ್ತದೆ. ಹಾಗಾಗಿ 3 ಲೀಟರ್ ಪಾತ್ರೆ. ದಿನಕ್ಕೆ ಒಂದೂವರೆ ಅಂದರೆ ಎರಡು ದಿನಕ್ಕೆ ಸರಿಹೋಯಿತು. ಪೂರ್ತಿ ತುಂಬದೆ ಜಾಗ ಬಿಡುವುದು ಇನ್ನೊಂದು ಕಾರಣಕ್ಕೂ ಒಳ್ಳೆಯದು. ಸೀಮೆಎಣ್ಣೆ ಬಿಸಿಗೆ ಹಿಗ್ಗುತ್ತದೆ. 5 ಲೀಟರ್ ಎಣ್ಣೆ 10 ಡಿಗ್ರಿ ಬಿಸಿಯಾದರೆ ಹತ್ತಿರ ಹತ್ತಿರ 50 ಮಿಲಿ ಜಾಸ್ತಿಯಾಗುತ್ತದೆ. ಕಂಠಪೂರ್ತಿ ತುಂಬಿದ್ದರೆ ಅದು ಬರುವುದು ಹೊರಕ್ಕೇ.

3 ಲೀಟರ್ ಪಾತ್ರೆಗೆ ಹುಡುಕಿದಾಗ ಕೈಗೆ ಸಿಕ್ಕಿದ್ದು ಅಟ್ಟದ ಮೇಲಿದ್ದ ಸ್ಟೀಲಿನ ಹಾಲಿನ ಕ್ಯಾನು. ಡೈರಿಗೆ ಹಾಲು ಹಾಕುತ್ತಿದ್ದ ಕಾಲದ್ದು. ಗಟ್ಟಿ ತಗಡು, ಒಳ್ಳೆ ಹಿಡಿಕೆ, ಮುಚ್ಚಳ. ಅಮ್ಮನಿಗೆ ಸುತರಾಂ ಇಷ್ಟವಾಗಲಿಲ್ಲ. “ಹಾಲು ಹಾಕಿದ ಪಾತ್ರೆಗೆ ಸೀಮೆಎಣ್ಣೆ ಹಾಕ್ತಾರಾ ಯಾರಾದ್ರೂ?” ಅಂತ ಮುಖ ಊದಿಸಿಕೊಂಡರು. ಹೊಸ ಕ್ಯಾನು ತಂದುಕೊಡುತ್ತೇನೆ ಅಂತ ಮಾತು ಕೊಟ್ಟು ತಗೊಂಡೆ. ಮಾರನೇ ದಿನವೇ ಸುತ್ತ ಕೆಂಪು ಪೇಂಟು ಬಳಿದು, ಬಿಳಿಯಲ್ಲಿ ‘ಸೀಮೆಎಣ್ಣೆ’ ಅಂತ ದಪ್ಪ ಅಕ್ಷರದಲ್ಲಿ ಬರೆದೆ. ಹಾಲಿನ ಕ್ಯಾನು ಅಂತ ಯಾರಾದರೂ ತಪ್ಪಿ ಬಳಸಿದರೆ ಏನು ಗತಿ, ಅದೊಂದು ಭಯ ನನಗೂ ಇತ್ತು.

ತೂತನ್ನು ಪಕ್ಕಕ್ಕೆ ಕೊರೆಯಲಿಲ್ಲ. ಅಲ್ಲಿ ತಗಡು ಬಾಗಿರುತ್ತದೆ, ವಾಷರ್ ಸಮ ಕೂರುವುದಿಲ್ಲ. ತಳದ ನಡುವೆ ಕೊರೆದೆ. ಹಿತ್ತಾಳೆಯ ನಿಪ್ಪಲ್ಲು ಅಂದರೆ ತಿರುಪಿರುವ ತುಂಡು ಕೊಳವೆ, ಒಳಗೊಂದು ಹೊರಗೊಂದು ನೈಟ್ರೈಲ್ ವಾಷರ್, ಚೆಕ್‌ನಟ್. ನಿಪ್ಪಲ್ಲನ್ನು ಒಳಗಿನಿಂದ ಕೂರಿಸಬೇಕು. ನನ್ನ ಕೈ ಕ್ಯಾನಿನ ಕತ್ತಿನಲ್ಲೇ ಸಿಕ್ಕಿಕೊಂಡಿತು. ಏಳನೇ ಕ್ಲಾಸಿನ ಮಗಳನ್ನು ಕರೆದೆ. ಅವಳ ಕೈ ಮೊಣಕೈವರೆಗೂ ಸಲೀಸಾಗಿ ಹೋಯಿತು. ಅವಳು ಒಳಗಿನಿಂದ ನಿಪ್ಪಲ್ಲಿನ ತಲೆಗೆ ಸ್ಪ್ಯಾನರ್ ಹಿಡಿದಳು, ನಾನು ಕ್ಯಾನನ್ನು ತೊಡೆ ಮೇಲೆ ಮಗುಚಿ ಹಾಕಿಕೊಂಡು ಹೊರಗಿನಿಂದ ನಟ್ಟು ಬಿಗಿದೆ. “ಅಪ್ಪಾ, ತಿರುಗ್ತಿದೆ, ತಿರುಗ್ತಿದೆ” ಅಂತ ಕೂಗುತ್ತಿದ್ದಳು. ಅವಳಿಗೆ 20 ರೂಪಾಯಿ ಕೂಲಿ. ಈ ಇಡೀ ಕೆಲಸದಲ್ಲಿ ಸಂಬಳ ಸಿಕ್ಕಿದ್ದು ಅವಳೊಬ್ಬಳಿಗೇ.

ಸೋರುತ್ತದಾ ಅಂತ ನೋಡುವುದಕ್ಕೆ ಈ ಸಲ ನೀರನ್ನು ನಂಬಲಿಲ್ಲ. ನೀರು ಹನಿಯಾಗಿ ಸೇರಿ ನಿಲ್ಲುತ್ತದೆ. ಸೀಮೆಎಣ್ಣೆ ಕೂದಲೆಳೆ ಸಂದಿನಲ್ಲೂ ತೆವಳಿಕೊಂಡು ಹೋಗುತ್ತದೆ. ವೆಲ್ಡಿಂಗ್‌ನವರು ಟ್ಯಾಂಕಿನ ಬೆಸುಗೆ ನೋಡುವಾಗ ಒಂದು ಕಡೆ ಸುಣ್ಣ ಬಳಿದು ಇನ್ನೊಂದು ಕಡೆ ಸೀಮೆಎಣ್ಣೆ ಸವರುತ್ತಾರೆ. ನಾನೂ ಅದನ್ನೇ ಮಾಡಿದೆ. ಅಮ್ಮನ ಎಲೆಅಡಿಕೆ ಡಬ್ಬಿಯಿಂದ ಸುಣ್ಣ ತಗೊಂಡು, ನೀರಲ್ಲಿ ಕದಡಿ, ಎಲ್ಲ ಜಾಯಿಂಟಿಗೂ ಹೊರಗಿನಿಂದ ಬಳಿದು ಒಣಗಿಸಿದೆ. ಒಳಗೆ 3 ಲೀಟರ್ ಎಣ್ಣೆ ಹಾಕಿ ನೇತುಹಾಕಿದೆ. ಒಂದು ಗಂಟೆಯಲ್ಲಿ ಫಿಲ್ಟರಿನ ಮೇಲಿನ ತಿರುಪಿನ ಸುತ್ತ ಉಗುರಿನಗಲ ಬೂದು ಕಲೆ ಕಂಡಿತು. ಹನಿ ಇಲ್ಲ, ಒದ್ದೆಯೂ ಕಾಣುವುದಿಲ್ಲ, ಕಲೆ ಮಾತ್ರ. ಬಿಚ್ಚಿ, ಟೆಫ್ಲಾನ್ ಟೇಪನ್ನು ಇನ್ನೂ ನಾಲ್ಕು ಸುತ್ತು ಸುತ್ತಿ, ಮತ್ತೆ ಸುಣ್ಣ ಬಳಿದೆ. ಬೆಳಗ್ಗೆ ನೋಡಿದರೆ ಸುಣ್ಣ ಹಾಲಿನಷ್ಟು ಬೆಳ್ಳಗಿತ್ತು.

ಫಿಲ್ಟರ್ ಅಂದೆನಲ್ಲ, ಅದು ಟ್ರ್ಯಾಕ್ಟರ್ ಬಿಡಿಭಾಗದ ಅಂಗಡಿಯದ್ದು. ಕೆಳಗೆ ಗಾಜಿನ ಬಟ್ಟಲು ಇರುವ ಹಳೆ ಮಾದರಿ. ಸೀಮೆಎಣ್ಣೆ ನೀರಿಗಿಂತ ಹಗುರ, ಹಾಗಾಗಿ ಎಣ್ಣೆಯಲ್ಲಿ ನೀರಿದ್ದರೆ ಬಟ್ಟಲಿನ ತಳಕ್ಕಿಳಿದು ಪಾದರಸದ ಗುಂಡಿನ ಹಾಗೆ ಉರುಳಾಡುತ್ತದೆ. ಮೊದಲ ವಾರವೇ ಅರ್ಧ ಚಮಚ ಸಿಕ್ಕಿತು. ಕಳೆದ ವರ್ಷ ಬತ್ತಿ ಚಟಚಟ ಅಂತ ಸಿಡಿಯುತ್ತಿದ್ದದ್ದು ಯಾಕೆ ಅಂತ ಆಗ ತಿಳಿಯಿತು. ನಾವು ತರುವುದು ಪೇಟೆಯಲ್ಲಿ ಸಿಗುವ ಬಣ್ಣವಿಲ್ಲದ ಬಿಳಿ ಎಣ್ಣೆ. ರೇಷನ್ ಎಣ್ಣೆ ನಮಗಿಲ್ಲ, ಈ ಬತ್ತಿಗೆ ಬಣ್ಣದ ಎಣ್ಣೆ ಆಗಿಬರುವುದೂ ಇಲ್ಲ.

ಫಿಲ್ಟರಿನಿಂದ ಕೆಳಕ್ಕೆ ಮುಕ್ಕಾಲು ಮೀಟರ್ ಡೀಸೆಲ್ ಪೈಪು. ವಾಲ್ವು ಎಲ್ಲಿ ಹಾಕುವುದು ಅನ್ನುವುದರಲ್ಲಿ ಮತ್ತೆ ಎಡವಿದೆ. ಮೊದಲು ಕ್ಯಾನಿನ ಹತ್ತಿರ ಹಾಕಿದ್ದೆ. ಮೇಲೆ ಮುಚ್ಚಿದರೂ ಪೈಪಿನೊಳಗಿನ ಎಣ್ಣೆ ಕೆಳಗಿನ ತುದಿಯಿಂದ ತೊಟ್ಟಿಕ್ಕುತ್ತಲೇ ಇರುತ್ತಿತ್ತು. ತುದಿಗೆ, ಕೈ ಹಿಡಿಯುವ ಜಾಗಕ್ಕೆ, ಹಿತ್ತಾಳೆಯ ಬಾಲ್ ವಾಲ್ವನ್ನು ತಂದೆ. ಹಿಡಿ ಅಡ್ಡ ಇದ್ದರೆ ಬಂದ್, ಪೈಪಿನ ನೇರಕ್ಕಿದ್ದರೆ ಚಾಲೂ. ಕನ್ನಡಕ ಇಲ್ಲದೆಯೂ ಅಮ್ಮನಿಗೆ ಗೊತ್ತಾಗುತ್ತದೆ. ಅದರ ಮುಂದೆ ಗೇಣುದ್ದ ತಾಮ್ರದ ಕೊಳವೆ, ಫ್ರಿಜ್ ರಿಪೇರಿಯವರ ಹತ್ತಿರ ಸಿಕ್ಕ ತುಂಡು.

ಕೊನೆಯ ಒಂದು ಹನಿಗೆ ನಾನು ಪಟ್ಟ ಪಾಡು ಉಳಿದೆಲ್ಲದಕ್ಕಿಂತ ಜಾಸ್ತಿ. ಕೊಳವೆಯ ತುದಿ ಸಮ ಇದ್ದರೆ ವಾಲ್ವು ಮುಚ್ಚಿದ ಮೇಲೂ ಅಂಚಿನ ಸುತ್ತ ಎಣ್ಣೆ ಅಂಟಿಕೊಂಡಿರುತ್ತದೆ. ಹೊರಕ್ಕೆ ತೆಗೆದು, ಎತ್ತಿ, ತಿರುಗುವಷ್ಟರಲ್ಲಿ ಟಪ್ ಅಂತ ಬೀಳುತ್ತದೆ, ಅದೂ ಸರಿಯಾಗಿ ಕಾಲಿನ ಮೇಲೆ. ತುದಿಯನ್ನು ಹೂವಿನ ದಂಟು ಕತ್ತರಿಸಿದ ಹಾಗೆ ಓರೆಯಾಗಿ ಅರದಿಂದ ಉಜ್ಜಿದೆ. ಈಗ ಎಣ್ಣೆಯೆಲ್ಲ ಚೂಪಿನ ಕಡೆಗೇ ಇಳಿಯುತ್ತದೆ. ಆ ಚೂಪನ್ನು ಟ್ಯಾಂಕಿನ ಬಾಯಿಯ ಒಳಗೋಡೆಗೆ ಮುಟ್ಟಿಸಿ ಹತ್ತು ಎಣಿಸಿದರೆ ಹನಿ ಗೋಡೆ ಹಿಡಿದು ಒಳಕ್ಕೆ ಹೋಗುತ್ತದೆ. ಆಮೇಲೆ ಕೊಳವೆಯನ್ನು ಗೋಡೆಗೆ ಕಟ್ಟಿದ ಗಾಜಿನ ಬಾಟಲಿಯ ಬಾಯಿಗೆ ಸಿಕ್ಕಿಸುವುದು. ಹದಿನೈದು ದಿನವಾದ ಮೇಲೆ ಬಾಟಲಿಯಲ್ಲಿ ಎಷ್ಟು ಸೇರಿದೆ ನೋಡಿದೆ. ತಳ ಒದ್ದೆಯಾಗಿತ್ತು, ಅಷ್ಟೇ.

ಮುಚ್ಚಳಕ್ಕೆ ಸಣ್ಣ ಗಾಳಿ ತೂತು ಬೇಕು. ಇಲ್ಲದಿದ್ದರೆ ಗುಳುಗುಳು ಅಂದು ಅರ್ಧಕ್ಕೇ ನಿಂತುಬಿಡುತ್ತದೆ. 2 ಮಿಲಿಮೀಟರ್ ಸಾಕು.

ಈಗ ನಡೆಯುವುದು ಹೀಗೆ. ದೊಡ್ಡ ಕ್ಯಾನು ಹೊರಗಿನ ಶೆಡ್ಡಿನಲ್ಲಿ ಎರಡು ಸಿಮೆಂಟ್ ಬ್ಲಾಕಿನ ಮೇಲೆ ಕೂತಿದೆ, ತೂತಿಲ್ಲ, ಅಲುಗಾಡಿಸುವುದಿಲ್ಲ. ದಿನ ಬಿಟ್ಟು ದಿನ ನಾನು ಅಂಗಡಿಗೆ ಹೋಗುವ ಮುಂಚೆ ಕೈ ಪಂಪಿನಿಂದ ಹಾಲಿನ ಕ್ಯಾನಿಗೆ 3 ಲೀಟರ್ ಇಳಿಸಿ, ಕೊಕ್ಕೆಗೆ ನೇತುಹಾಕಿ ಹೋಗುತ್ತೇನೆ. ಬಾಯಿ ಅಗಲ ಇರುವುದರಿಂದ ಎಣ್ಣೆ ಕಣ್ಣಿಗೆ ಕಾಣುತ್ತದೆ, ಉಕ್ಕುವ ಪ್ರಶ್ನೆಯೇ ಇಲ್ಲ. ಕೆಳಗೆ 5 ಲೀಟರ್ ಹಿಡಿಯುವ ಅಗಲ ತಟ್ಟೆ ಇಟ್ಟಿದ್ದೇನೆ. ಎಲ್ಲ ಕೈಕೊಟ್ಟರೂ ಬೀಳುವುದು 3 ಲೀಟರ್, ಅದೂ ತಟ್ಟೆಗೇ. ಅಮ್ಮ ಹನ್ನೊಂದು ಗಂಟೆಗೆ, ಮುಳ್ಳು ಕೆಂಪಿನಲ್ಲಿದೆಯಾ ನೋಡಿ, ಕೊಳವೆ ಸಿಕ್ಕಿಸಿ ಹಿಡಿ ತಿರುಗಿಸುತ್ತಾರೆ. ಎರಡು ನಿಮಿಷ ಚಿಲ್ಲರೆ. ಮುಳ್ಳು ಕೆಂಪಿಗೆ ಬಂದಿರದಿದ್ದರೆ ಅವತ್ತು ತುಂಬುವ ಹಾಗಿಲ್ಲ.

ಹನ್ನೊಂದು ಗಂಟೆ ಯಾಕೆ ಅಂದರೆ, ಬೆಳಗ್ಗೆ ಏಳಕ್ಕೆ ಆರಿಸಿದ ಹೀಟರ್ ಅಷ್ಟರಲ್ಲಿ ಪೂರ್ತಿ ತಣ್ಣಗಿರುತ್ತದೆ. ಬಿಸಿ ಹೀಟರಿಗೆ ಎಣ್ಣೆ ಹಾಕಬಾರದು ಅನ್ನುವುದನ್ನು ನಾನು ಹೇಳಬೇಕಾಗಿಲ್ಲ. ಜಾಗ ಹುಡುಕುವುದು ಕಷ್ಟವಾಯಿತು. ಹಿತ್ತಲಲ್ಲಿ ಬೆಳಗ್ಗೆ ಹಂಡೆ ಒಲೆ ಉರಿಯುತ್ತಿರುತ್ತದೆ, ಸಂಜೆ ತುಳಸಿ ಕಟ್ಟೆಯ ದೀಪ. ಸೀಮೆಎಣ್ಣೆ ಪೆಟ್ರೋಲಿನ ಹಾಗೆ ಚಳಿಯಲ್ಲಿ ದೂರದ ಕಿಡಿಗೇ ಹತ್ತಿಕೊಳ್ಳುವುದಿಲ್ಲ, ನಿಜ. ಆದರೆ ಸೆರಗಿಗೆ ಹೀರಿಕೊಂಡರೆ ಬಟ್ಟೆಯೇ ಬತ್ತಿ. ಹಾಗಾಗಿ ಪಕ್ಕದ ಓಣಿಯ ಗೋಡೆಗೆ ಕೊಕ್ಕೆ ಹೊಡೆದೆ. ಪೆಟ್ರೋಲಿನ ಕ್ಯಾನನ್ನು ಆ ಕಡೆ ಸುಳಿಯಲೂ ಬಿಡುವುದಿಲ್ಲ. ಒಂದು ಲೋಟ ಪೆಟ್ರೋಲ್ ಬೆರೆತರೂ ಈ ಲೆಕ್ಕವೆಲ್ಲ ತಲೆಕೆಳಗು.

ಹೀಟರನ್ನು ಓಣಿಯವರೆಗೆ ತರುವುದಕ್ಕೆ ಗ್ಯಾಸ್ ಸಿಲಿಂಡರಿನ ಟ್ರಾಲಿ ಮೇಲೆ ಪ್ಲೈವುಡ್ ಹಲಗೆ ಕೂರಿಸಿ, ಸುತ್ತ ಅಂಚು ಕಟ್ಟಿದ್ದೇನೆ. ಸಾಗಿಸುವುದಕ್ಕೆ ಮಾತ್ರ. ಅದರ ಮೇಲಿಟ್ಟು ಹಚ್ಚುವುದಿಲ್ಲ. ನಡುವೆ ಹೊಸ್ತಿಲು. ಅರಿಶಿನ ಕುಂಕುಮ ಹಚ್ಚುವ ಹೊಸ್ತಿಲಿಗೆ ಚಕ್ರ ಬಡಿಯುವುದನ್ನು ಅಮ್ಮ ಒಪ್ಪಲಿಲ್ಲ. ಹೊಸ್ತಿಲಿಗೆ ತಾಗದ ಹಾಗೆ ಎರಡೂ ಕಡೆ ಇಳಿಜಾರಿನ ಹಲಗೆ ಮಾಡಿಕೊಟ್ಟೆ. ದಾಟುವಾಗ ಒಂದೊಂದು ಸಲ ಹೀಟರಿನೊಳಗಿನ ತೂಗುಗುಂಡು ಜಾರಿ ಟಕ್ ಅನ್ನುತ್ತದೆ. ಉರಿಯುವಾಗ ಹೀಟರ್ ವಾಲಿದರೆ ಬತ್ತಿ ಇಳಿಸುವುದು ಅದರ ಕೆಲಸ. ಹಚ್ಚುವ ಮುಂಚೆ ಅದನ್ನು ಮತ್ತೆ ಎತ್ತಿ ಕೂರಿಸಬೇಕು. ಇದಕ್ಕೆ ನನ್ನ ಹತ್ತಿರ ಉಪಾಯ ಇಲ್ಲ.

ಖರ್ಚು ಫಿಲ್ಟರ್, ವಾಲ್ವು, ಪೈಪು, ವಾಷರ್, ಕ್ಲಿಪ್ಪು ಎಲ್ಲ ಸೇರಿ 900 ರೂಪಾಯಿ ಹತ್ತಿರ. ನೆಲಕ್ಕೆ ಹೋದ 4 ಲೀಟರ್ ಎಣ್ಣೆ ಸೇರಿಸಿಲ್ಲ. ಹೀಟರ್ ಉರಿಯುವಾಗ ಅಪ್ಪನ ಕೋಣೆಯ ಕಿಟಕಿ ನಾಲ್ಕು ಬೆರಳು ತೆರೆದೇ ಇರುತ್ತದೆ. ಹೀಟರ್ ಹಾಕಿ ಕಿಟಕಿ ತೆರೆಯುವುದು ಯಾವ ನ್ಯಾಯ ಅಂತ ಅಪ್ಪ ಗೊಣಗುತ್ತಾರೆ. ಉರಿಗೆ ಗಾಳಿ ಸಾಲದಿದ್ದರೆ ಬರುವ ವಿಷದ ಹೊಗೆಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ ಅಂತ ಎಷ್ಟು ಸಲ ಹೇಳಿದ್ದೇನೋ. ರಾತ್ರಿ ಮಲಗುವ ಮುಂಚೆ ಆರಿಸಲೇಬೇಕು.

ಮೊನ್ನೆ ಶನಿವಾರ ಅಂಗಡಿ ರಜ, ನಾನು ಮನೆಯಲ್ಲಿದ್ದೆ. ಅಮ್ಮ ಎಣ್ಣೆ ತುಂಬಿ, ಕೊಳವೆಯನ್ನು ಬಾಟಲಿಗೆ ಸಿಕ್ಕಿಸಿ, ಅಭ್ಯಾಸಬಲಕ್ಕೆ ಬೆರಳು ಮೂಸಿ ನೋಡಿದರು. ನಾನು ಏನಮ್ಮ ಅಂದೆ. “ಹಿತ್ತಾಳೆ ವಾಸನೆ” ಅಂದು ಬ್ಲೀಚಿಂಗ್ ಪೌಡರ್ ಬಕೆಟ್ಟಿನ ಕಡೆ ಹೋದರು. ಎರಡು ಹೆಜ್ಜೆ ಹೋಗಿ ತಿರುಗಿ, “ನನ್ನ ಹಾಲಿನ ಕ್ಯಾನು?” ಅಂದರು. ಸೋಮವಾರ ಪೇಟೆಯಿಂದ ತರಬೇಕು.